ಕ್ಯಾಂಪರ್ ವ್ಯಾನಿಗೆ ಟೈರ್: ಅಂಗಡಿಗಿಂತ ಮೊದಲು ವೇಬ್ರಿಡ್ಜ್‌ಗೆ

ಟೈರುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18 ಆಗಿದೆ. ಮೂಲ ಬೆಲೆ 8,000 ರೂಪಾಯಿಯ ಒಂದು ಟೈರಿಗೆ 800 ರೂಪಾಯಿ ಉಳಿತಾಯ. ಸ್ಟೆಪ್ನಿಯೂ ಸೇರಿ ಐದು ಟೈರ್ ಎಂದರೆ 4,000. ಇನ್ನೊಂದು ಬೇಸಿಗೆ ಕಳೆಯಲಿ ಎಂದು ಸವೆದ ಟೈರಿನಲ್ಲೇ ಓಡಿಸುತ್ತಿದ್ದವರಿಗೆ ಈಗ ನೆವ ಉಳಿದಿಲ್ಲ. ಹಾಗೆ ಅಂಗಡಿಯ ಮುಂದೆ ಗಾಡಿ ನಿಲ್ಲಿಸುವವರಲ್ಲಿ ಹೊಸ ಬಗೆಯ ಗಿರಾಕಿಗಳೂ ಇದ್ದಾರೆ. ಹಳೆಯ ಟ್ರಾವೆಲರನ್ನೋ ಓಮ್ನಿಯನ್ನೋ ಕೊಂಡು, ಹಿಂದಿನ ಸೀಟುಗಳನ್ನು ಕಳಚಿ, ಮಂಚ, ಒಲೆ, ನೀರಿನ ಟ್ಯಾಂಕ್, ಬ್ಯಾಟರಿ ಕೂಡಿಸಿ ಪ್ರವಾಸದ ಮನೆ, ಅಂದರೆ ಕ್ಯಾಂಪರ್ ವ್ಯಾನ್ ಮಾಡಿಕೊಂಡವರು ಅವರು.

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಟೈರ್ ಅಂಗಡಿಯವರು ಮೊದಲು ಕೇಳುವುದು ‘ಗಾಡಿ ಯಾವುದು?’ ಎಂದು. ‘ಕ್ಯಾಂಪರ್’ ಎಂದಷ್ಟೇ ಹೇಳಿದರೆ ಬೊಲೆರೊ ಕ್ಯಾಂಪರ್ ಪಿಕಪ್ಪಿನ ಟೈರ್ ತೋರಿಸುತ್ತಾರೆ. ‘ಟ್ರಾವೆಲರ್’ ಎಂದರೆ ಟ್ರಾವೆಲರಿನ ಟೈರ್ ಬರುತ್ತದೆ. ಅದರಲ್ಲಿ ಅಂಗಡಿಯವರ ತಪ್ಪೇನೂ ಇಲ್ಲ. ಆದರೆ ಆ ಟೈರನ್ನು ಗೊತ್ತುಮಾಡಿದ್ದು ಜನರನ್ನು ಹತ್ತಿಸಿ ಇಳಿಸುವ ಗಾಡಿಗೆ. ನಿಮ್ಮ ಗಾಡಿಯಲ್ಲಿ ಹತ್ತಿದ್ದು ಇಳಿಯುವುದೇ ಇಲ್ಲ. ಈ ವ್ಯತ್ಯಾಸ ಹಿಡಿದರೆ ಉಳಿದದ್ದೆಲ್ಲ ಸಲೀಸು.

ಭಾರ ಹೊರುವುದು ಗಾಳಿ

ಟೈರ್ ಎಂದೊಡನೆ ನಮಗೆ ಕಾಣುವುದು ರಬ್ಬರು. ಗಾಡಿಯ ತೂಕವನ್ನು ಬಹುಪಾಲು ಹೊತ್ತುಕೊಂಡಿರುವುದು ಒಳಗಿನ ಒತ್ತಿದ ಗಾಳಿ. ರಬ್ಬರು, ಅದರೊಳಗಿನ ದಾರದ ಪದರಗಳು, ಉಕ್ಕಿನ ಎಳೆಗಳು ಆ ಗಾಳಿಯನ್ನು ಹಿಡಿದಿಡುವ ಚೀಲ ಮಾತ್ರ. ಹೆಚ್ಚು ಭಾರ ಹೊರಬೇಕಾದರೆ ಹೆಚ್ಚು ಒತ್ತಡದ ಗಾಳಿ ಬೇಕು. ಹೆಚ್ಚು ಒತ್ತಡ ತಡೆಯಬೇಕಾದರೆ ಚೀಲ ಗಟ್ಟಿಯಿರಬೇಕು. ಕಾರಿನ ಟೈರಿಗೂ ವ್ಯಾನಿನ ಟೈರಿಗೂ ಇರುವ ಮುಖ್ಯ ವ್ಯತ್ಯಾಸ ಇದು.

ಚಕ್ರ ಒಂದು ಸುತ್ತು ತಿರುಗುವಾಗ ಟೈರಿನ ಪ್ರತಿಯೊಂದು ಭಾಗವೂ ನೆಲಕ್ಕೆ ತಾಗಿದಾಗ ಅಮುಕಿಕೊಂಡು, ಮೇಲೆದ್ದಾಗ ಮತ್ತೆ ನೆಟ್ಟಗಾಗುತ್ತದೆ. ತಂತಿಯೊಂದನ್ನು ಹಿಂದೆ ಮುಂದೆ ಬಗ್ಗಿಸುತ್ತ ಹೋದರೆ ಬಗ್ಗಿದ ಜಾಗ ಬಿಸಿಯಾಗಿ ಕೊನೆಗೆ ತುಂಡಾಗುತ್ತದಲ್ಲ, ಟೈರಿನ ಪಕ್ಕದಲ್ಲಿ ನಡೆಯುವುದೂ ಅದೇ. ಗಾಳಿ ಕಡಿಮೆಯಿದ್ದರೆ ಬಾಗುವಿಕೆ ಹೆಚ್ಚು. ಭಾರ ಹೆಚ್ಚಾದರೂ ಬಾಗುವಿಕೆ ಹೆಚ್ಚು. ಎರಡೂ ಸೇರಿದ ಮೇಲೆ ಏಪ್ರಿಲ್ ತಿಂಗಳ ಮಧ್ಯಾಹ್ನ ಹಿರಿಯೂರಿನಿಂದ ಚಿತ್ರದುರ್ಗದ ಕಡೆಗೆ ಒಂದೇ ಸಮನೆ 90ರ ವೇಗದಲ್ಲಿ ಓಡಿಸಿದರೆ ಟೈರ್ ಸಿಡಿಯಲು ಮೊಳೆಯೇನೂ ಬೇಕಾಗಿಲ್ಲ.

ಸಾಮಾನ್ಯ ವ್ಯಾನು ತುಂಬಿ ಹೋಗುತ್ತದೆ, ಖಾಲಿ ಬರುತ್ತದೆ. ಕ್ಯಾಂಪರ್ ವ್ಯಾನಿಗೆ ಖಾಲಿ ಎಂಬ ಸ್ಥಿತಿಯೇ ಇಲ್ಲ. ಓಡುವಾಗಲೂ ಪೂರ್ತಿ ಭಾರ, ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತಾಗಲೂ ಅದೇ ಭಾರ. ಹೀಗಾಗಿ ಇದರ ಟೈರಿಗೆ ಎರಡು ಕಾಟ: ಸದಾ ಹೊರೆ, ಮತ್ತು ಓಡದೆ ಬರುವ ಮುಪ್ಪು.

ನಿಮ್ಮ ಮನೆ ಎಷ್ಟು ತೂಗುತ್ತದೆ

ತೂಕದ ವಿಷಯದಲ್ಲಿ ಅಂದಾಜು ಯಾವಾಗಲೂ ಕಡಿಮೆಯ ಕಡೆಗೇ ವಾಲುತ್ತದೆ. ನೂರು ಲೀಟರ್ ನೀರೆಂದರೆ ನೂರು ಕಿಲೊ. ಮನೆಯ ಇನ್ವರ್ಟರಿಗೆ ಬಳಸುವ 150 ಆಂಪಿಯರ್-ಅವರ್‌ನ ಒಂದು ಟ್ಯೂಬ್ಯುಲರ್ ಬ್ಯಾಟರಿ 50 ಕಿಲೊ ದಾಟುತ್ತದೆ. ಅಡುಗೆಯ ದೊಡ್ಡ ಸಿಲಿಂಡರಿನಲ್ಲಿ ಅನಿಲವೇ 14.2 ಕಿಲೊ, ಸಿಲಿಂಡರ್ ಸೇರಿದರೆ ಸುಮಾರು ಮೂವತ್ತು. ಪ್ಲೈವುಡ್ ಕಪಾಟು, ಹಾಸಿಗೆ, ಫ್ರಿಜ್, ಚಾವಣಿಯ ಸೋಲಾರ್ ಫಲಕ, ಪಾತ್ರೆ, ಅಕ್ಕಿ, ಮಂಡಕ್ಕಿ ಚೀಲ (ಅದೊಂದು ಹಗುರ, ಬಿಡಿ), ಕೊನೆಗೆ ನಾಲ್ಕು ಜನ. ಒಂದೊಂದನ್ನೂ ನೋಡಿದರೆ ‘ಇಷ್ಟೇ ತಾನೇ’ ಅನ್ನಿಸುತ್ತದೆ.

ಆದ್ದರಿಂದ ತೂಗಿಸಿ ನೋಡುವುದೇ ಸರಿ. ಈ ಭಾಗದಲ್ಲಿ ಅದಕ್ಕೆ ತೊಂದರೆಯಿಲ್ಲ. ದಾವಣಗೆರೆಯ ಎಪಿಎಂಸಿ ಸುತ್ತಮುತ್ತ ಮೆಕ್ಕೆಜೋಳದ ಲಾರಿಗಳನ್ನು, ಚಳ್ಳಕೆರೆಯಲ್ಲಿ ಶೇಂಗಾ ಲಾರಿಗಳನ್ನು ತೂಗುವ ವೇಬ್ರಿಡ್ಜ್‌ಗಳಿವೆ. ಸುಗ್ಗಿಯ ದಿನಗಳಲ್ಲಿ ಸಾಲು ಉದ್ದವಿರುತ್ತದೆ, ಬೆಳಗ್ಗೆ ಬೇಗ ಹೋಗುವುದು ಒಳ್ಳೆಯದು. ಪ್ರವಾಸಕ್ಕೆ ಹೊರಡುವಾಗ ಹೇಗಿರುತ್ತದೋ ಹಾಗೆಯೇ ಗಾಡಿಯನ್ನು ತುಂಬಿಸಿಕೊಂಡು ಹೋಗಬೇಕು: ಟ್ಯಾಂಕಿನಲ್ಲಿ ನೀರು, ಡೀಸೆಲ್, ಸಾಮಾನು, ಜನ ಎಲ್ಲವೂ ಸೇರಿ.

ಮೂರು ಸಲ ತೂಗಿಸಬೇಕು. ಮೊದಲು ಮುಂದಿನ ಚಕ್ರಗಳು ಮಾತ್ರ ತಟ್ಟೆಯ ಮೇಲೆ, ಆಮೇಲೆ ಇಡೀ ಗಾಡಿ, ಕೊನೆಗೆ ಹಿಂದಿನ ಚಕ್ರಗಳು ಮಾತ್ರ. ತಟ್ಟೆಯ ಪಕ್ಕದ ನೆಲ ಸಮತಟ್ಟಾಗಿದ್ದರೆ ಎಡಗಡೆಯ ಚಕ್ರಗಳನ್ನಷ್ಟೇ ಏರಿಸಿ ಇನ್ನೊಂದು ಚೀಟಿ ಪಡೆಯಿರಿ. ಅಡುಗೆ ಕಟ್ಟೆ, ಟ್ಯಾಂಕ್, ಬ್ಯಾಟರಿ ಎಲ್ಲವನ್ನೂ ಒಂದೇ ಬದಿಗೆ ಜೋಡಿಸಿದ ವ್ಯಾನುಗಳಲ್ಲಿ ಎಡಬಲದ ಅಂತರ ನೂರು ಕಿಲೊ ಮೀರುವುದೂ ಉಂಟು.

ಒಂದು ಲೆಕ್ಕ ನೋಡೋಣ. ಇಡೀ ಗಾಡಿ 3,020 ಕಿಲೊ. ಅದರಲ್ಲಿ ಮುಂದಿನ ಆ್ಯಕ್ಸಲ್ ಮೇಲೆ 1,300, ಹಿಂದಿನದರ ಮೇಲೆ 1,720 ಎಂದುಕೊಳ್ಳಿ. ಹಿಂದೆ ಬದಿಗೊಂದೇ ಚಕ್ರವಿದ್ದರೆ ಪ್ರತಿ ಟೈರಿನ ಪಾಲು 860 ಕಿಲೊ. ಎಡಬದಿ ತುಸು ಭಾರವಾಗಿದ್ದರೆ ಅಲ್ಲಿ 900 ಹತ್ತಿರ. ಟೈರ್ ಅಂಗಡಿಗೆ ಒಯ್ಯಬೇಕಾದ ಸಂಖ್ಯೆ ಇದು, ಅಂದರೆ ಅತಿ ಹೆಚ್ಚು ಭಾರ ಹೊತ್ತ ಚಕ್ರದ ಪಾಲು. ಒಟ್ಟು ತೂಕವನ್ನು ನಾಲ್ಕರಿಂದ ಭಾಗಿಸಿ 755 ಎಂದು ಹೇಳಿದರೆ ಲೆಕ್ಕ ಅಲ್ಲೇ ತಪ್ಪಿತು.

ಇನ್ನೊಂದು ಮಾತು. ವೇಬ್ರಿಡ್ಜ್ ಚೀಟಿಯ ಒಟ್ಟು ತೂಕ ಆರ್‌ಸಿಯಲ್ಲಿ ನಮೂದಾದ ಗರಿಷ್ಠ ತೂಕವನ್ನು ಮೀರಿದ್ದರೆ ಯಾವ ಟೈರೂ ಅದಕ್ಕೆ ಪರಿಹಾರವಾಗದು. ಬ್ರೇಕು, ಸ್ಪ್ರಿಂಗು, ಆ್ಯಕ್ಸಲ್ ಎಲ್ಲವೂ ಆ ಮಿತಿಗೇ ಮಾಡಿದವು. ಸಾಮಾನು ಇಳಿಸಲೇಬೇಕು.

ಟೈರಿನ ಮೈಮೇಲೆ ಬರೆದಿರುವುದು

ಟ್ರಾವೆಲರ್ ಬಗೆಯ ವ್ಯಾನುಗಳಲ್ಲಿ ಕಾಣುವ ಒಂದು ಅಳತೆ 215/75 ಆರ್ 15. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಎತ್ತರ: ಅಗಲದ ಶೇ 75, ಅಂದರೆ ಡಿಸ್ಕಿನ (ಟೈರ್ ಕೂರುವ ಲೋಹದ ಚಕ್ರದ) ಅಂಚಿನಿಂದ ನೆಲದವರೆಗಿನ ಟೈರಿನ ಪಕ್ಕ ಸುಮಾರು 161 ಮಿ.ಮೀ. ‘ಆರ್’ ಎಂದರೆ ರೇಡಿಯಲ್, ಒಳಗಿನ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಯುವ ರಚನೆ. 15 ಎಂಬುದು ಡಿಸ್ಕಿನ ವ್ಯಾಸ, ಇಂಚಿನಲ್ಲಿ. ಓಮ್ನಿಯಲ್ಲಿದ್ದ 145 ಆರ್ 12 ಎಲ್‌ಟಿ ತರಹದ ಹಳೆಯ ಬರಹದಲ್ಲಿ ನಡುವಿನ ಶೇಕಡಾ ಸಂಖ್ಯೆ ಇರುವುದಿಲ್ಲ. ಗಾಬರಿ ಬೇಡ, ಅದೂ ಪೂರ್ಣ ಅಳತೆಯೇ.

ಗಿರಾಕಿಗಳು ಸಾಮಾನ್ಯವಾಗಿ ಇಲ್ಲಿಗೆ ಓದು ನಿಲ್ಲಿಸುತ್ತಾರೆ. ಕ್ಯಾಂಪರ್ ವ್ಯಾನಿನವರು ನೋಡಬೇಕಾದದ್ದು ಇದರ ಮುಂದೆ ಇದೆ. ಅಳತೆಯ ನಂತರ 100 ಎಂದೋ 106/103 ಎಂದೋ ಒಂದು ಸಂಖ್ಯೆ, ಅದರ ಬೆನ್ನಿಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಸಂಖ್ಯೆಗೆ ಲೋಡ್ ಇಂಡೆಕ್ಸ್ ಎಂದು ಹೆಸರು. ಅದು ಕಿಲೊಗ್ರಾಂ ಅಲ್ಲ, ಪಟ್ಟಿಯಲ್ಲಿ ಹುಡುಕಿ ಕಿಲೊಗ್ರಾಂ ತಿಳಿಯಬೇಕಾದ ಸಂಕೇತ. 95 ಎಂದರೆ ಒಂದು ಟೈರ್ ಹೊರಬಲ್ಲದ್ದು 690 ಕಿಲೊ, 100ಕ್ಕೆ 800, 104ಕ್ಕೆ 900, 106ಕ್ಕೆ 950, 109ಕ್ಕೆ 1,030, 112ಕ್ಕೆ 1,120. ಓರೆಗೆರೆಯಿಂದ ಬೇರ್ಪಟ್ಟ ಎರಡು ಸಂಖ್ಯೆಗಳಿದ್ದರೆ ಮೊದಲನೆಯದು ಬದಿಗೊಂದೇ ಚಕ್ರವಿರುವ ಆ್ಯಕ್ಸಲ್‌ಗೆ, ಎರಡನೆಯದು ಹಿಂದೆ ಜೋಡಿ ಚಕ್ರವಿರುವ ಗಾಡಿಗೆ.

ಮೇಲಿನ ಲೆಕ್ಕಕ್ಕೆ ಮರಳಿದರೆ ವಿಷಯ ಸ್ಪಷ್ಟವಾಗುತ್ತದೆ. 215/75 ಆರ್ 15 ಅಳತೆಯಲ್ಲೇ 100 ಸಂಖ್ಯೆಯ ಟೈರೂ ಇದೆ, 106 ಸಂಖ್ಯೆಯದೂ ಇದೆ. ನೋಟಕ್ಕೆ ಎರಡೂ ಒಂದೇ, ಡಿಸ್ಕಿಗೆ ಎರಡೂ ಕೂರುತ್ತವೆ. ಎಡಬಲ ಸಮವಿದ್ದು 860 ಕಿಲೊ ಹೊರಬೇಕಾದ ಚಕ್ರಕ್ಕೆ 800ರ ಟೈರ್ ಹಾಕಿದರೆ ಅಂಗಡಿಯಿಂದ ಹೊರಟ ಕ್ಷಣದಿಂದಲೇ ಅದು ಮಿತಿ ಮೀರಿ ದುಡಿಯುತ್ತಿರುತ್ತದೆ. 950ರದ್ದು ಹಾಕಿದರೆ ಸುಮಾರು ಶೇ 10ರಷ್ಟು ಕೈಯಲ್ಲಿ ಉಳಿಯುತ್ತದೆ. ಅಷ್ಟಾದರೂ ಉಳಿದಿರಬೇಕು, ದಾರಿಯಲ್ಲಿ ನೆಂಟರ ಮನೆಯವರು ಒಂದು ಮೂಟೆ ತೆಂಗಿನಕಾಯಿ ಹೇರಿದರೆ ಬೇಡ ಎನ್ನುವವರು ಯಾರು?

ಸಂಖ್ಯೆಯ ಜೊತೆಗಿನ ಅಕ್ಷರ ವೇಗದ ಮಿತಿ. ‘ಎಲ್’ ಎಂದರೆ ಗಂಟೆಗೆ 120 ಕಿ.ಮೀ., ‘ಎನ್’ 140, ‘ಕ್ಯೂ’ 160, ‘ಎಸ್’ 180. ಕ್ಯಾಂಪರ್ ವ್ಯಾನಿಗೆ ಇದು ದೊಡ್ಡ ಪ್ರಶ್ನೆಯೇ ಅಲ್ಲ. ವಾಹನ ತಯಾರಕರು ಹೇಳಿದ ಅಕ್ಷರಕ್ಕಿಂತ ಕೆಳಗಿಳಿಯದಿದ್ದರೆ ಸಾಕು.

ಅಂಗಡಿಯವರು ‘ಎಂಟು ಪಿಆರ್ ಇದೆ’ ಎಂದರೆ ಅದು ಪ್ಲೈ ರೇಟಿಂಗ್. ಹಿಂದೆ ಹತ್ತಿ ದಾರದ ಪದರ ಎಣಿಸಿ ಟೈರಿನ ಬಲ ಹೇಳುತ್ತಿದ್ದರು. ಈಗ ಪದರಗಳು ಅಷ್ಟಿರುವುದಿಲ್ಲ, ಎಣಿಕೆ ಮಾತ್ರ ಬಲದ ಗುರುತಾಗಿ ಉಳಿದಿದೆ. 6 ಪಿಆರ್‌ಗಿಂತ 8 ಪಿಆರ್ ಟೈರ್ ಹೆಚ್ಚು ಒತ್ತಡದ ಗಾಳಿ ಹಿಡಿಯುತ್ತದೆ, ಹಾಗಾಗಿ ಹೆಚ್ಚು ಹೊರುತ್ತದೆ. ‘ಎಲ್‌ಟಿ’ ಎಂದರೆ ಲಘು ಟ್ರಕ್ಕಿನ ದರ್ಜೆ. ಅಳತೆಯ ಕೊನೆಗೆ ಅಂಟಿಕೊಂಡ ‘ಸಿ’ ಎಂದರೆ ವಾಣಿಜ್ಯ ವ್ಯಾನಿನ ದರ್ಜೆ. ನಮ್ಮ ಕೆಲಸಕ್ಕೆ ಇವೆರಡರಲ್ಲಿ ಯಾವುದಾದರೂ ಆಗುತ್ತದೆ, ಲೋಡ್ ಇಂಡೆಕ್ಸ್ ಸರಿಯಿದ್ದರೆ. ಯುರೋಪಿನಲ್ಲಿ ‘ಸಿಪಿ’ ಎಂಬ ಇನ್ನೊಂದು ದರ್ಜೆಯಿದೆ, ಸದಾ ತುಂಬಿದ ಕ್ಯಾಂಪರ್ ವ್ಯಾನುಗಳಿಗೆಂದೇ ಹೆಚ್ಚಿನ ಗಾಳಿ ತಡೆಯುವಂತೆ ಮಾಡಿದ್ದು. ವಿದೇಶಿ ವಿಡಿಯೊ ನೋಡಿ ಅದನ್ನೇ ಕೇಳುವವರಿದ್ದಾರೆ. ನಮ್ಮ ಅಂಗಡಿಗಳಲ್ಲಿ ಅದು ಸಾಮಾನ್ಯವಾಗಿ ಸಿಗುವುದಿಲ್ಲ, ಸಿಗಲಿಲ್ಲವೆಂದು ಕೊರಗಬೇಕಾಗಿಯೂ ಇಲ್ಲ.

ಐಎಸ್‌ಐ ಗುರುತೂ ಇರಬೇಕು. 2009ರ ಗುಣಮಟ್ಟ ನಿಯಂತ್ರಣ ಆದೇಶದ ಪ್ರಕಾರ ವಾಹನಗಳ ಟೈರಿಗೆ ಅದು ಕಡ್ಡಾಯ. ಕಾರಿನ ಟೈರಿನ ಮಾನಕ ಸಂಖ್ಯೆ ಐಎಸ್ 15633, ವಾಣಿಜ್ಯ ವಾಹನದ್ದು ಐಎಸ್ 15636. ವ್ಯಾನಿಗೆಂದು ಕೊಟ್ಟ ಟೈರಿನ ಮೇಲೆ ಎರಡನೆಯ ಸಂಖ್ಯೆಯಿದ್ದರೆ ಅದು ಹೊರೆಯ ಗಾಡಿಗೆ ಮಾಡಿದ್ದೆಂದು ತಿಳಿಯಬಹುದು.

ಎಷ್ಟು ಗಾಳಿ

ಪಂಕ್ಚರ್ ಅಂಗಡಿಯ ಹುಡುಗ ‘ಎಷ್ಟು ಹಾಕಲಿ ಸಾರ್?’ ಎಂದು ಕೇಳಿದಾಗ ಕಾರಿನ ಅಭ್ಯಾಸದಿಂದ ‘ಮೂವತ್ತೈದು’ ಎನ್ನುವುದೇ ಕ್ಯಾಂಪರ್ ವ್ಯಾನಿನ ಟೈರುಗಳಿಗೆ ಬರುವ ಮೊದಲ ಗಂಡಾಂತರ. ಟೈರಿನ ಮೇಲೆ ಬರೆದ 950 ಕಿಲೊ ಅದರ ಪಕ್ಕದಲ್ಲೇ ಬರೆದ ಗರಿಷ್ಠ ಒತ್ತಡದಲ್ಲಿ ಮಾತ್ರ ನಿಜ. 8 ಪಿಆರ್‌ನ ಎಲ್‌ಟಿ ಟೈರುಗಳಲ್ಲಿ ಅದು ಸಾಮಾನ್ಯವಾಗಿ 65 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), 6 ಪಿಆರ್‌ನಲ್ಲಿ 50. ಗಾಳಿ ಇಳಿದಂತೆ ಹೊರುವ ಶಕ್ತಿಯೂ ಇಳಿಯುತ್ತದೆ. ಒಳ್ಳೆಯ ಟೈರ್ ಕೊಂಡು 35 ಹಾಕಿಸಿದರೆ ಹಣ ಕೊಟ್ಟು ಕೊಂಡ ಶಕ್ತಿಯ ದೊಡ್ಡ ಪಾಲು ಅಂಗಡಿಯಲ್ಲೇ ಉಳಿಯಿತೆಂದು ತಿಳಿಯಿರಿ.

ಹಾಗೆಂದು ಗರಿಷ್ಠವನ್ನೇ ತುಂಬಿಸುವುದೂ ಸರಿಯಲ್ಲ. ಬೇಕಾದ್ದಕ್ಕಿಂತ ಹೆಚ್ಚು ಗಾಳಿಯಿದ್ದರೆ ಟೈರಿನ ನಡುಭಾಗ ಮಾತ್ರ ನೆಲಕ್ಕೆ ತಾಗುತ್ತದೆ, ಹಿಡಿತ ಕಡಿಮೆಯಾಗುತ್ತದೆ, ಗುಂಡಿಗೆ ಬಿದ್ದಾಗಲೆಲ್ಲ ಒಳಗಿನ ಪಾತ್ರೆಗಳು ಲೆಕ್ಕ ಒಪ್ಪಿಸುತ್ತವೆ. ಟೈರ್ ಕಂಪನಿಗಳ ಬಳಿ ಇಷ್ಟು ಕಿಲೊಗೆ ಇಷ್ಟು ಪಿಎಸ್‌ಐ ಎಂಬ ಪಟ್ಟಿ ಇರುತ್ತದೆ. ವೇಬ್ರಿಡ್ಜ್ ಚೀಟಿ ತೋರಿಸಿ ಡೀಲರ್ ಬಳಿ ಅದನ್ನು ಕೇಳಬೇಕು. ಮುಂದಿನ, ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಒತ್ತಡ ಬರುವುದು ಸಹಜ. ಚಾಲಕನ ಬಾಗಿಲ ಬಳಿ ವಾಹನ ತಯಾರಕರು ಅಂಟಿಸಿದ ಚೀಟಿ ಇನ್ನೂ ಉಳಿದಿದ್ದರೆ ಅದನ್ನೂ ಜೊತೆಗಿಟ್ಟು ನೋಡಿ. ಅದಕ್ಕಿಂತ ಕಡಿಮೆಗೆ ಇಳಿಯಬೇಡಿ.

‘ಬೇಸಿಗೆಯಲ್ಲಿ ಎರಡು ಮೂರು ಕಡಿಮೆ ಇರಲಿ, ಬಿಸಿಲಿಗೆ ಉಬ್ಬಿ ಒಡೆಯುತ್ತದೆ’ ಎಂಬ ಮಾತು ನಮ್ಮ ಹೆದ್ದಾರಿಗಳಲ್ಲಿ ಬಲವಾಗಿ ಬೇರುಬಿಟ್ಟಿದೆ. ನಂಬಬೇಡಿ. ಬಿಸಿಗೆ ಗಾಳಿಯ ಒತ್ತಡ ಏರುವುದು ನಿಜ: 60 ಪಿಎಸ್‌ಐ ಇರುವ ಟೈರಿನಲ್ಲಿ ಪ್ರತಿ 4 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 1 ಪಿಎಸ್‌ಐ. ಓಡಿ ಬಿಸಿಯಾದ ಟೈರಿನಲ್ಲಿ 5ರಿಂದ 7 ಹೆಚ್ಚು ಕಂಡರೆ ಅದು ನಿರೀಕ್ಷಿತವೇ. ಟೈರ್ ಮಾಡಿದವರು ಆ ಏರಿಕೆಗೆ ಜಾಗ ಬಿಟ್ಟೇ ಮಾಡಿರುತ್ತಾರೆ. ಟೈರನ್ನು ಸಿಡಿಸುವುದು ಬಾಗುವಿಕೆಯಿಂದ ಹುಟ್ಟುವ ಬಿಸಿ, ಆ ಬಾಗುವಿಕೆ ಹೆಚ್ಚುವುದು ಗಾಳಿ ಕಡಿಮೆಯಾದಾಗ. ಬೇಸಿಗೆಗೆಂದು ಗಾಳಿ ಬಿಡುವುದು ಕಾಯಿಲೆಯನ್ನು ಕರೆದು ತಂದಂತೆಯೇ. ಗಾಳಿ ನೋಡುವುದು ಬೆಳಗ್ಗೆ ಗಾಡಿ ಹೊರಡುವ ಮುನ್ನ, ಟೈರ್ ತಣ್ಣಗಿರುವಾಗ. ದಾರಿಯಲ್ಲಿ ನೋಡಿ ಹೆಚ್ಚಿದೆಯೆಂದು ಬಿಡಬಾರದು.

ನೈಟ್ರೋಜನ್ ಬಗ್ಗೆಯೂ ಕೇಳುತ್ತಾರೆ. ಬರಿಯ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಶುದ್ಧ ನೈಟ್ರೋಜನ್ ಹಾಕಿಸಿದರೆ ಕೆಡುಕಿಲ್ಲ, ಸೋರಿಕೆ ತುಸು ನಿಧಾನ. ಅದನ್ನು ಹಾಕಿಸಿದ ಮೇಲೆ ಒತ್ತಡ ನೋಡುವುದನ್ನೇ ಬಿಟ್ಟರೆ ಮಾತ್ರ ನಷ್ಟ.

ಹೆಚ್ಚಿನ ಒತ್ತಡಕ್ಕೆ ಹೋಗುವಾಗ ಮರೆಯುವ ಒಂದು ಚಿಕ್ಕ ವಸ್ತು ವಾಲ್ವ್. ಟ್ಯೂಬ್‌ಲೆಸ್ ಚಕ್ರಗಳಿಗೆ ಹಾಕುವ ಸಾಮಾನ್ಯ ರಬ್ಬರ್ ವಾಲ್ವ್ ಸುಮಾರು 65 ಪಿಎಸ್‌ಐವರೆಗಿನದು. ಅದರ ಆಸುಪಾಸಿನಲ್ಲಿ ಗಾಳಿ ಹಾಕುವವರು ಲೋಹದ ವಾಲ್ವ್ ಕೇಳಿ ಹಾಕಿಸಬೇಕು. ಬೆಲೆ ಅಲ್ಪ, ಟೈರ್ ಬಿಚ್ಚಿದಾಗಲೇ ಆಗುವ ಕೆಲಸ. ಡಿಸ್ಕಿಗೂ ತನ್ನದೇ ಭಾರದ ಮಿತಿಯಿದೆ. ಚೆಂದಕ್ಕೆಂದು ಕಾರಿನ ಅಲಾಯ್ ಚಕ್ರ ಹಾಕಿಸಿದ ವ್ಯಾನಿನಲ್ಲಿ ಟೈರ್ ಎಷ್ಟೇ ಗಟ್ಟಿಯಿದ್ದರೂ ಪ್ರಯೋಜನ ಅಷ್ಟಕ್ಕಷ್ಟೆ.

ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಅಡ್ಡಗಾಳಿ ಬೀಸಿದಾಗ ಎತ್ತರದ ವ್ಯಾನು ಪಕ್ಕಕ್ಕೆ ಸರಿಯುತ್ತದೆ, ಚಾವಣಿಯ ಮೇಲೆ ಪೆಟ್ಟಿಗೆ, ಸೋಲಾರ್ ಫಲಕ ಇದ್ದರಂತೂ ಕೇಳಬೇಡಿ. ಟೈರಿನ ಪಕ್ಕ ಮೆತ್ತಗಿದ್ದಷ್ಟೂ ಈ ಓಲಾಟ ಹೆಚ್ಚು. ಶಾಕ್ ಅಬ್ಸಾರ್ಬರ್ ಬದಲಿಸಲು ಗ್ಯಾರೇಜಿಗೆ ಹೋಗುವ ಮೊದಲು ಟೈರಿನ ದರ್ಜೆ ಮತ್ತು ಗಾಳಿ ನೋಡಿ. ಹಲವು ಸಲ ಓಲಾಟದ ಕಾರಣ ಅಲ್ಲೇ ಸಿಗುತ್ತದೆ.

ಹೆದ್ದಾರಿಯ ಕಚ್ಚೋ ಕಾಡಿನ ಕಚ್ಚೋ

ಟೈರಿನ ನೆಲ ತಾಗುವ ಮೈಯ ಮೇಲಿನ ಗೀರು, ಕಚ್ಚುಗಳ ವಿನ್ಯಾಸಕ್ಕೆ ಟ್ರೆಡ್ ಎನ್ನುತ್ತಾರೆ. ಉದ್ದುದ್ದ ಗೀರುಗಳ ಹೈವೇ ಟ್ರೆಡ್ ಒಂದು ಬಗೆ. ದಪ್ಪ ತುಂಡುಗಳಂತೆ ಎದ್ದು ನಿಂತ ಆಲ್ ಟೆರೇನ್ ಇನ್ನೊಂದು. ಎರಡನೆಯದನ್ನು ಹಾಕಿದ ವ್ಯಾನು ಫೋಟೊದಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ಅದಕ್ಕೆ ಕೊಡುವ ಬೆಲೆ ಅಂಗಡಿಯ ಬಿಲ್ಲಿನಲ್ಲಿ ಮುಗಿಯುವುದಿಲ್ಲ: ಟೈರ್ ಹೆಚ್ಚು ತೂಕ, ಡೀಸೆಲ್ ಹೆಚ್ಚು ಖರ್ಚು, ಹೆದ್ದಾರಿಯಲ್ಲಿ ಒಂದೇ ಸಮನೆ ಗುಂಯ್‌ಗುಡುವ ಸದ್ದು, ಒದ್ದೆ ಡಾಂಬರಿನ ಮೇಲೆ ಅನೇಕ ಬಾರಿ ಕಡಿಮೆ ಹಿಡಿತ.

ಎಲ್ಲಿ ಓಡಿಸುತ್ತೀರಿ ಎಂಬುದನ್ನು ಪ್ರಾಮಾಣಿಕವಾಗಿ ಎಣಿಸಿ ನೋಡಿ. ವಾಣಿವಿಲಾಸ ಸಾಗರ, ಶಾಂತಿಸಾಗರ, ಕೊಂಡಜ್ಜಿ, ಸಂತೇಬೆನ್ನೂರಿನ ಪುಷ್ಕರಣಿ, ಎಲ್ಲಕ್ಕೂ ಡಾಂಬರು ರಸ್ತೆಯಿದೆ. ಕೊನೆಯ ಅರ್ಧ ಕಿಲೋಮೀಟರ್ ಮಣ್ಣಿನ ದಾರಿಗಾಗಿ ಉಳಿದ ಮುನ್ನೂರು ಕಿಲೋಮೀಟರ್ ಸದ್ದು ಕೇಳುತ್ತ ಹೋಗಬೇಕೆ? ಇಲ್ಲಿನ ಎರೆ ಮಣ್ಣನ್ನು ಬಲ್ಲವರಿಗೆ ಇನ್ನೊಂದು ವಿಷಯವೂ ಗೊತ್ತು. ಮಳೆ ಬಿದ್ದ ಕಪ್ಪು ಎರೆಯಲ್ಲಿ ಚಕ್ರ ಎರಡು ಸುತ್ತು ಸುತ್ತುವಷ್ಟರಲ್ಲಿ ದಪ್ಪ ಕಚ್ಚುಗಳ ನಡುವೆಯೂ ಮಣ್ಣು ಮೆತ್ತಿಕೊಂಡು ಟೈರ್ ಬೋಳಾಗುತ್ತದೆ. ಮೂರು ಟನ್ ತೂಗುವ, ಎಂಜಿನ್ ಹಿಂದಿನ ಚಕ್ರಗಳನ್ನಷ್ಟೇ ತಿರುಗಿಸುವ ವ್ಯಾನನ್ನು ಅಲ್ಲಿಂದ ಹೊರಗೆಳೆಯಲು ಟ್ರ್ಯಾಕ್ಟರೇ ಬರಬೇಕು, ಟೈರ್ ಯಾವುದೇ ಇರಲಿ.

ಈ ಕಡೆಯ ನಿಜವಾದ ಶತ್ರು ಬಳ್ಳಾರಿ ಜಾಲಿಯ ಮುಳ್ಳು. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮುರು ಕಡೆ ನೆರಳೆಂದು ಗಾಡಿ ನಿಲ್ಲಿಸಿದಲ್ಲೆಲ್ಲ ಅದು ಬಿದ್ದಿರುತ್ತದೆ. ಟ್ಯೂಬ್ ಇರುವ ಟೈರಿಗೆ ಮುಳ್ಳು ಚುಚ್ಚಿದರೆ ಗಾಳಿ ಬೇಗ ಹೋಗುತ್ತದೆ. ಟ್ಯೂಬ್‌ಲೆಸ್ ಟೈರಿನಲ್ಲಿ ನಿಧಾನವಾಗಿ ಸೋರುತ್ತದೆ, ಪಂಕ್ಚರ್ ಅಂಗಡಿಯವರೆಗೆ ಹೋಗಲು ಸಮಯ ಸಿಗುತ್ತದೆ. ಡಿಸ್ಕ್ ಟ್ಯೂಬ್‌ಲೆಸ್‌ಗೆ ಹೊಂದುವುದಿದ್ದರೆ ಅದನ್ನೇ ಆರಿಸಿಕೊಳ್ಳಿ. ಹೊರಗಿನಿಂದ ತುರುಕುವ ರಬ್ಬರ್ ಬತ್ತಿ ತಾತ್ಕಾಲಿಕ ಉಪಾಯ. ಟೈರ್ ಬಿಚ್ಚಿ ಒಳಗಿನಿಂದ ತೇಪೆ ಹಾಕಿಸಿದರೆ ನಿಶ್ಚಿಂತೆ. ರಂಧ್ರ 6 ಮಿ.ಮೀ.ಗಿಂತ ದೊಡ್ಡದಿದ್ದರೆ ಅಥವಾ ಟೈರಿನ ಪಕ್ಕದಲ್ಲಿ ತೂತಾಗಿದ್ದರೆ ರಿಪೇರಿ ಬೇಡ, ಹೊಸದೇ ಗತಿ.

ಮಳೆಯ ಹಿಡಿತವನ್ನು ಮಾತ್ರ ಲಘುವಾಗಿ ಕಾಣಬಾರದು. ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲೊಂದಾದ ಚಳ್ಳಕೆರೆಯಿಂದ ಬೆಳಗ್ಗೆ ಹೊರಟ ವ್ಯಾನು ಸಂಜೆಗೆ ಆಗುಂಬೆಯ ತಿರುವುಗಳಲ್ಲಿರಬಹುದು. ಟ್ರೆಡ್‌ನ ಗೀರುಗಳ ಕೆಲಸ ನೀರನ್ನು ಹೊರದೂಡಿ ರಬ್ಬರನ್ನು ರಸ್ತೆಗೆ ತಾಗಿಸುವುದು. ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮದಂತೆ ನಾಲ್ಕು ಚಕ್ರದ ವಾಹನಗಳಲ್ಲಿ ಗೀರಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದು. ಟೈರಿನ ಪಕ್ಕದಲ್ಲಿ ‘ಟಿಡಬ್ಲ್ಯುಐ’ ಎಂದೋ ಚಿಕ್ಕ ತ್ರಿಕೋನವೋ ಇರುತ್ತದೆ; ಅದರ ನೇರಕ್ಕೆ ಗೀರಿನ ತಳದಲ್ಲಿ ಸಣ್ಣ ದಿಬ್ಬ ಕಾಣುತ್ತದೆ. ಟ್ರೆಡ್ ಸವೆದು ಆ ದಿಬ್ಬಕ್ಕೆ ಸಮನಾದರೆ ಟೈರಿನ ಆಯುಸ್ಸು ಕಾನೂನಿನ ಪ್ರಕಾರ ಮುಗಿದಂತೆ. ಘಟ್ಟ ಇಳಿಯುವ ಮೂರು ಟನ್ ಗಾಡಿಗೆ ಅಲ್ಲಿಯವರೆಗೆ ಕಾಯುವುದು ಜಾಣತನವಲ್ಲ, 3 ಮಿ.ಮೀ. ಉಳಿದಾಗಲೇ ಬದಲಿಸುವುದು ಲೇಸು.

ಸವೆಯದ ಟೈರಿಗೂ ಮುಪ್ಪು

ಬಾಡಿಗೆ ಓಡುವ ಟ್ರಾವೆಲರಿನ ಟೈರ್ ಸವೆದು ಸಾಯುತ್ತದೆ. ಕ್ಯಾಂಪರ್ ವ್ಯಾನಿನದು ನಿಂತಲ್ಲೇ ಮುದಿಯಾಗುತ್ತದೆ. ಬಿಸಿಲಿನ ಅತಿನೇರಳೆ ಕಿರಣ, ಗಾಳಿಯ ಓಜೋನ್ ರಬ್ಬರನ್ನು ಬಿರುಸಾಗಿಸುತ್ತವೆ. ಅದನ್ನು ತಡೆಯಲು ರಬ್ಬರಿನೊಳಗೆ ಮೇಣದಂತಹ ಪದಾರ್ಥ ಬೆರೆಸಿರುತ್ತಾರೆ. ಟೈರ್ ಓಡುತ್ತ ಬಾಗುತ್ತಿದ್ದರೆ ಆ ಮೇಣ ಮೇಲ್ಮೈಗೆ ಬಂದು ರಕ್ಷಿಸುತ್ತದೆ, ನಿಂತೇ ಇದ್ದರೆ ಬರುವುದಿಲ್ಲ. ಟೈರಿನ ಪಕ್ಕದಲ್ಲಿ, ಗೀರುಗಳ ತಳದಲ್ಲಿ ಕೂದಲೆಳೆಯ ಬಿರುಕುಗಳು ಕಾಣತೊಡಗಿದರೆ ಟ್ರೆಡ್ ಎಷ್ಟೇ ಹೊಸದಾಗಿದ್ದರೂ ಅದು ಹಳೆಯ ಟೈರೇ.

ವಯಸ್ಸು ತಿಳಿಯುವುದು ಸುಲಭ. ಪಕ್ಕದಲ್ಲಿ ‘ಡಿಒಟಿ’ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರ ತಯಾರಾದದ್ದು. ನಾಲ್ಕು ಅಂಕಿಗಳು ಕೆಲವೊಮ್ಮೆ ಒಂದೇ ಪಕ್ಕದಲ್ಲಿರುತ್ತವೆ. ಜೋಡಿಸಿದ ಮೇಲೆ ಒಳಬದಿಗೆ ಹೋಗಿ ಕಾಣದಾಗುವುದರಿಂದ ಜೋಡಿಸುವ ಮುನ್ನವೇ ಓದಿಕೊಳ್ಳಿ. ಐದು ವರ್ಷ ಕಳೆದ ಟೈರನ್ನು ಪ್ರತಿವರ್ಷ ಪರೀಕ್ಷಿಸಬೇಕು, ಹತ್ತು ವರ್ಷ ತುಂಬಿದ್ದನ್ನು ನೋಡಲು ಹೇಗಿದ್ದರೂ ತೆಗೆಯಬೇಕು ಎಂಬುದು ದೊಡ್ಡ ಟೈರ್ ಕಂಪನಿಗಳ ಸಲಹೆ. ಹಲವು ವಾಹನ ತಯಾರಕರು ಆರೇ ವರ್ಷ ಎನ್ನುತ್ತಾರೆ. ಸದಾ ಹೊರೆ ಹೊತ್ತು, ನಮ್ಮ ಬಿಸಿಲಿನಲ್ಲಿ ನಿಲ್ಲುವ ವ್ಯಾನಿಗೆ ಆರರ ಲೆಕ್ಕವೇ ಹತ್ತಿರ.

ನಿಲ್ಲಿಸುವಾಗ ಗಾಳಿ ಪೂರ್ತಿ ಇರಲಿ, ಟೈರಿಗೆ ಬಿಸಿಲು ಬೀಳದಂತೆ ಗೋಣಿತಾಟು ಇಳಿಬಿಟ್ಟರೂ ಸಾಕು, ತಿಂಗಳಿಗೊಮ್ಮೆಯಾದರೂ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ. ದಾವಣಗೆರೆಯಲ್ಲಿದ್ದರೆ ಹರಿಹರಕ್ಕೆ ಹೋಗಿ ಬನ್ನಿ, ದೇವರ ದರ್ಶನವೂ ಆಗುತ್ತದೆ. ನೀರಿನ ಟ್ಯಾಂಕ್ ಖಾಲಿ ಮಾಡಿಟ್ಟರೆ ಟೈರಿಗೂ ಸ್ಪ್ರಿಂಗಿಗೂ ಅಷ್ಟು ಹೊರೆ ಇಳಿಯಿತು.

ದೊಡ್ಡ ಟೈರಿನ ಆಸೆ

ಮೂಲ ಅಳತೆಗಿಂತ ದೊಡ್ಡ ಟೈರ್ ಹಾಕಿ ಗಾಡಿಯನ್ನು ಎತ್ತರ ಮಾಡುವ ಆಸೆ ಅನೇಕರಿಗಿದೆ. ವ್ಯಾಸ ಶೇ 5 ಹೆಚ್ಚಾದರೆ ಸ್ಪೀಡೋಮೀಟರ್ 80 ತೋರಿಸುವಾಗ ಗಾಡಿ 84ರಲ್ಲಿ ಓಡುತ್ತಿರುತ್ತದೆ. ಎಂಜಿನ್ನಿಗೂ ಬ್ರೇಕಿಗೂ ಹೆಚ್ಚಿನ ಶ್ರಮ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿಗೆ ಉಜ್ಜುವುದು ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ, ಅಪಘಾತವಾದಾಗ ವಿಮೆಯವರು ಮೊದಲು ಹುಡುಕುವುದೂ ಇಂಥದ್ದನ್ನೇ. ಮೂಲ ಅಳತೆಯಲ್ಲೇ ಹೆಚ್ಚಿನ ಲೋಡ್ ಇಂಡೆಕ್ಸ್ ಹುಡುಕಿ.

ಅಂಗಡಿಯಲ್ಲಿ

ಎರಡೇ ಟೈರಿಗೆ ಹಣವಿದ್ದರೆ ಹೊಸ ಜೋಡಿ ಎಲ್ಲಿಗೆ? ನಮ್ಮಲ್ಲಿ ಮುಂದಕ್ಕೆ ಹಾಕುವ ರೂಢಿಯಿದೆ. ಟೈರ್ ಕಂಪನಿಗಳು ಹೇಳುವುದು ಹಿಂದಕ್ಕೆ. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದರೆ ಗಾಡಿ ನೇರ ಹೋಗುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಹಿಂದಿನದು ಜಾರಿದರೆ ಗಾಡಿ ಗಿರ್ರನೆ ತಿರುಗುತ್ತದೆ, ಅದನ್ನು ಹಿಡಿಯುವುದು ಪಳಗಿದ ಚಾಲಕರಿಗೂ ಕಷ್ಟ. ಅದರ ಮೇಲೆ ನಿಮ್ಮ ವ್ಯಾನಿನ ಹೆಚ್ಚಿನ ಭಾರವೂ ಹಿಂದೆಯೇ ಇದೆ. ಮುಂದಿನ ಜೋಡಿ ತೀರಾ ಸವೆದಿದ್ದರೆ ಮಾತ್ರ ಈ ಚರ್ಚೆಯೇ ಬೇಡ, ನಾಲ್ಕನ್ನೂ ಬದಲಿಸಿ. ಒಂದೇ ಆ್ಯಕ್ಸಲ್‌ನಲ್ಲಿ ಎರಡು ಕಂಪನಿ, ಎರಡು ವಿನ್ಯಾಸ ಬೇಡ. ರೇಡಿಯಲ್ ಜೊತೆ ಹಳೆಯ ನೈಲಾನ್ ಟೈರಂತೂ ಖಂಡಿತ ಬೇಡ.

ಯಾವ ಕಂಪನಿ ಎಂಬ ಪ್ರಶ್ನೆಗೆ ಇಷ್ಟು ಹೊತ್ತು ಬರಲೇ ಇಲ್ಲ. ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ, ಬ್ರಿಜ್‌ಸ್ಟೋನ್, ಯಾವುದೇ ಇರಲಿ, ಲೋಡ್ ಇಂಡೆಕ್ಸ್ ಸರಿಯಿದ್ದು ತಾರೀಖು ಹೊಸದಿದ್ದರೆ ಅದು ಆಗುತ್ತದೆ. ಹೆಸರಾಂತ ಕಂಪನಿಯ ಮೂರು ವರ್ಷ ಹಳೆಯ ದಾಸ್ತಾನಿಗಿಂತ ನಡುಮಟ್ಟದ ಕಂಪನಿಯ ಆರು ತಿಂಗಳ ಟೈರ್ ಕ್ಯಾಂಪರ್ ವ್ಯಾನಿಗೆ ಮೇಲು. ಬಿಲ್ಲಿನಲ್ಲಿ ಅಳತೆ, ಲೋಡ್ ಇಂಡೆಕ್ಸ್, ನಾಲ್ಕು ಅಂಕಿಯ ತಾರೀಖು ಮೂರನ್ನೂ ಬರೆಸಿಕೊಳ್ಳಿ. ಜಿಎಸ್‌ಟಿ ಶೇ 18 ಎಂದೇ ಇದೆಯೇ ನೋಡಿ. ರೀಸೋಲ್ ಮಾಡಿದ (ಸವೆದ ಮೈಗೆ ಹೊಸ ರಬ್ಬರು ಕೂಡಿಸಿದ) ಟೈರ್ ಲಾರಿಗಳ ಹಿಂದಿನ ಚಕ್ರಗಳಲ್ಲಿ ಓಡುತ್ತದೆ ನಿಜ, ಅಲ್ಲಿ ಒಂದು ಕೈಕೊಟ್ಟರೆ ಪಕ್ಕದ್ದು ಹೊರುತ್ತದೆ. ಬದಿಗೊಂದೇ ಚಕ್ರವಿರುವ ನಿಮ್ಮ ವ್ಯಾನಿಗೆ ಆ ಸವಲತ್ತಿಲ್ಲ.

ಜೋಡಿಸಿದ ಮೇಲೆ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮ ಮಾಡುವುದು), ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸಬೇಕು. ಅಲೈನ್‌ಮೆಂಟ್‌ಗೆ ವ್ಯಾನನ್ನು ತುಂಬಿಸಿಕೊಂಡೇ ಹೋಗಿ. ಖಾಲಿ ಗಾಡಿಗೆ ಹೊಂದಿಸಿದ ಕೋನ ಹೊರೆ ಬಿದ್ದಾಗ ಬದಲಾಗುತ್ತದೆ. 50ರಿಂದ 100 ಕಿ.ಮೀ. ಓಡಿದ ಬಳಿಕ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಬೇಕು.

ಬಿಚ್ಚಿದ ನಾಲ್ಕರಲ್ಲಿ ಚೆನ್ನಾಗಿರುವುದನ್ನು ಸ್ಟೆಪ್ನಿಗೆ ಇಟ್ಟುಕೊಳ್ಳುವವರು ಅದರ ತಾರೀಖನ್ನೂ ಓದಿಕೊಳ್ಳಲಿ. ಗಾಡಿಯ ಅಡಿಯಲ್ಲಿ ನೇತಾಡುವ ಸ್ಟೆಪ್ನಿಗೆ ಹಿಂದಿನ ಚಕ್ರದಷ್ಟೇ ಗಾಳಿ ಹಾಕಿಸಿಡಿ, ಬೇಕಾದಾಗ ಬಿಡುವುದು ಸುಲಭ, ನಡುದಾರಿಯಲ್ಲಿ ತುಂಬುವುದು ಕಷ್ಟ. ಹಾಗೆಯೇ ಗಾಡಿಯೊಂದಿಗೆ ಬಂದ ಜಾಕ್ ಈಗಿನ ತೂಕವನ್ನು ಎತ್ತುತ್ತದೆಯೇ ಎಂಬುದನ್ನು ಮನೆಯ ಅಂಗಳದಲ್ಲೇ, ಗಟ್ಟಿ ನೆಲದ ಮೇಲೆ, ಟ್ಯಾಂಕ್ ತುಂಬಿಸಿ ಒಮ್ಮೆ ನೋಡಿಬಿಡಿ. ಎತ್ತದಿದ್ದರೆ ಐದು ಟನ್ನಿನ ಬಾಟಲ್ ಜಾಕ್ ಒಂದನ್ನು ಅದೇ ಟೈರ್ ಅಂಗಡಿಯವರೇ ತರಿಸಿಕೊಡುತ್ತಾರೆ.